ಬೆನ್ನ ಹಿಂದಿನ ಹೊಡೆತ

ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ ಟ್ಯಾಂಕರ್ ರಾಮಯ್ಯ ಎಂದರೆ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಗಳಿಂದ ಹಿಡಿದು ಪಿ.ಜಿ. ನಡೆಸುವವರ ತನಕ ಎಲ್ಲರಿಗೂ ಗೊತ್ತು. ನೀರು ನಿಂತ ದಿನ ಎಲ್ಲರೂ ಮೊದಲು ಫೋನ್ ಮಾಡುವುದು ಅವನಿಗೇ. ಅವನ ಒಬ್ಬಳೇ ಮಗಳು ವೇಣಿ. ಅವಳಿಗೆ ಬ್ಯಾಡ್ಮಿಂಟನ್ ಹುಚ್ಚು ಹತ್ತಿದ್ದೂ ಆ ಟ್ಯಾಂಕರಿನಿಂದಲೇ.

ಐಟಿ ಪಾರ್ಕಿನ ಹಿಂದಿನ ರಸ್ತೆಯಲ್ಲಿ ತಗಡಿನ ಸೂರಿನ ದೊಡ್ಡ ಶೆಡ್ಡೊಂದು ಎದ್ದಿತ್ತು. ಒಳಗೆ ಹಸಿರು ಮ್ಯಾಟ್ ಹಾಸಿದ ನಾಲ್ಕು ಕೋರ್ಟು. ಅದರ ನೆಲದಡಿಯ ನೀರಿನ ಸಂಪು ತುಂಬಿಸುವವನು ರಾಮಯ್ಯ. ಬೇಸಿಗೆ ರಜೆಯಲ್ಲಿ ಒಂಬತ್ತು ವರ್ಷದ ವೇಣಿ ಅಪ್ಪನ ಪಕ್ಕ ಕೂತು ಬರುತ್ತಿದ್ದಳು. ಪೈಪು ಬಿಟ್ಟು ಸಂಪು ತುಂಬುವಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಒಳಗಿನ ಆಟ ನೋಡುತ್ತಿದ್ದಳು. ಒಂದು ದಿನ ಕೋಚ್ ಪ್ರಸನ್ನ ಹೊರಗೆ ಬಂದರು.

"ಏನ್ ಪುಟ್ಟಾ, ಬರೀ ನೋಡೋದೇನಾ?" ಎಂದು ಅವಳ ಕೈಗೊಂದು ಹಳೆಯ ರಾಕೆಟ್ ಕೊಟ್ಟರು.

ಕಾಲು ಗಂಟೆ ಆಡಿಸಿದ ಮೇಲೆ ರಾಮಯ್ಯನನ್ನು ಒಳಗೆ ಕರೆದು, "ಅಣ್ಣ, ಈ ಮಗು ಕಣ್ಣು ಬಾಳ ಚುರುಕು. ಬೆಳಿಗ್ಗೆ ಐದೂವರೆಗೆ ಕಳಿಸ್ತೀರಾ? ಫೀಸಿನ ಮಾತು ಬೇಡ," ಎಂದರು.

"ಆಡ್ಲಿ ಬುಡಿ ಸಾ. ಸುಮ್ಕೆ ಟಿ.ವಿ. ಮುಂದೆ ಕೂತ್ಕೊಳೋ ಬದ್ಲು," ಎಂದ ರಾಮಯ್ಯ. ಇದು ಮಗಳ ಬದುಕನ್ನೇ ನುಂಗಿಬಿಡುವ ಆಟ ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಏಳು ಗಂಟೆಗೆ ಐಟಿಯವರು ಆಡಲು ಬರುತ್ತಿದ್ದರು. ಅಷ್ಟರೊಳಗೆ ಮಕ್ಕಳ ಅಭ್ಯಾಸ ಮುಗಿಯಬೇಕು. ವೇಣಿ ಐದು ಗಂಟೆಗೇ ಹೋಗಿ ಮ್ಯಾಟ್ ಒರೆಸಿ, ಹಿಂದಿನ ಸಂಜೆಯವರು ಬಿಸಾಕಿದ ಗರಿ ಮುರಿದ ಶಟಲ್‌ಗಳನ್ನು ಆರಿಸಿಟ್ಟುಕೊಂಡು ಕಾಯುತ್ತಿದ್ದಳು. ಎತ್ತರ ಬೆಳೆಯಲಿಲ್ಲ. ಸಿಂಗಲ್ಸಿನಲ್ಲಿ ಉದ್ದ ಕಾಲಿನ ಹುಡುಗಿಯರು ಅವಳನ್ನು ಮೂಲೆಯಿಂದ ಮೂಲೆಗೆ ಓಡಿಸಿ ಸುಸ್ತು ಮಾಡುತ್ತಿದ್ದರು. ಆದರೆ ನೆಟ್ ಬಳಿ ನಿಲ್ಲಿಸಿದರೆ ಬೇರೆಯೇ ವೇಣಿ. ಎದುರಿನವರ ಮಣಿಕಟ್ಟು ತಿರುಗುವ ಮೊದಲೇ ಶಟಲ್ ಎಲ್ಲಿಗೆ ಬರುತ್ತದೆಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು.

ಅವಳಿಗೆ ಹದಿನಾಲ್ಕು ತುಂಬಿದ ವರ್ಷ ಶಿವಾನಿ ಬಂದಳು. ಎದುರಿನ ಅಪಾರ್ಟ್‌ಮೆಂಟಿನ ಹನ್ನೊಂದನೆಯ ಮಹಡಿಯವಳು. ಅಪ್ಪ ಗದಿಗೆಪ್ಪ ರಾಣೆಬೆನ್ನೂರಿನ ಕಡೆಯವರು, ದೊಡ್ಡ ಕಂಪನಿಯೊಂದರಲ್ಲಿ ಎಂಜಿನಿಯರ್. ಶಿವಾನಿ ವೇಣಿಗಿಂತ ಒಂದು ಗೇಣು ಎತ್ತರ. ಹಾರಿ ಸ್ಮ್ಯಾಷ್ ಹೊಡೆದರೆ ತಗಡಿನ ಶೆಡ್ಡು ಗುಡುಗುತ್ತಿತ್ತು. ಪ್ರಸನ್ನ ಸಾರ್ ಒಂದೇ ವಾರ ನೋಡಿ ಇಬ್ಬರನ್ನೂ ಜೋಡಿ ಮಾಡಿದರು. ಶಿವಾನಿ ಹಿಂದೆ, ವೇಣಿ ಮುಂದೆ.

ಮೊದಲ ದಿನವೇ ವೇಣಿಗೆ ಹೇಳಿದರು: "ಹಿಂದೆ ಇರೋಳು ಹೊಡೀವಾಗ ತಿರುಗಿ ನೋಡ್ಬಾರ್ದು. ಬೆನ್ನಿಗೆ ಬಿದ್ರೆ ಬಾಸುಂಡೆ ಬರುತ್ತೆ, ಹೋಗುತ್ತೆ. ಕಣ್ಣಿಗೆ ಬಿದ್ರೆ ಮುಗೀತು. ಹಿಂದೆ ಏನಾಗ್ತಿದೆ ಅನ್ನೋದು ನಿನ್ನ ಕೆಲ್ಸ ಅಲ್ಲ ಕಣಮ್ಮ, ಅವಳ ಕೆಲ್ಸ."

ತಿಂಗಳೊಪ್ಪತ್ತಿನಲ್ಲಿ ವೇಣಿಗೆ ತಿರುಗಿ ನೋಡುವ ಅಗತ್ಯವೇ ಉಳಿಯಲಿಲ್ಲ. ಶಿವಾನಿಯ ಶೂ ಮ್ಯಾಟಿಗೆ ಉಜ್ಜುವ ಸದ್ದು, ಹಾರುವ ಮುಂಚೆ ಅವಳು ಎಳೆದುಕೊಳ್ಳುವ ಉಸಿರು, ಇಷ್ಟರಲ್ಲೇ ಹೊಡೆತ ಯಾವುದು, ಎತ್ತ ಹೋಗುತ್ತದೆ ಎಂದು ತಿಳಿಯುತ್ತಿತ್ತು. ಅಂಗಳದ ಹೊರಗೆ ಇಬ್ಬರದೂ ಬೇರೆ ಬೇರೆ ಲೋಕ. ಶಿವಾನಿ ಇಂಗ್ಲಿಷ್ ಶಾಲೆಗೆ ಎ.ಸಿ. ಬಸ್ಸಿನಲ್ಲಿ ಹೋಗುವವಳು, ವೇಣಿಯ ತಾಯಿ ಶಶಿಕಲಾ ಐಟಿ ಪಾರ್ಕಿನ ಫುಡ್ ಕೋರ್ಟಿನಲ್ಲಿ ತರಕಾರಿ ಹೆಚ್ಚುವವಳು. ಆದರೂ ಆ ನಾಲ್ಕು ವರ್ಷ ಒಬ್ಬಳ ಹೆಸರು ಹೇಳಿದರೆ ಇನ್ನೊಬ್ಬಳ ಹೆಸರೂ ಸೇರಿಯೇ ಬರುತ್ತಿತ್ತು. ಹದಿನೇಳರ ಒಳಗಿನ ಜಿಲ್ಲಾ ಟೂರ್ನಿ ಗೆದ್ದರು. ಮರುವರ್ಷ ರಾಜ್ಯ ಮಟ್ಟದಲ್ಲಿ ಸೆಮಿಫೈನಲ್. ಅದರ ಮರುವರ್ಷ, ಹತ್ತೊಂಬತ್ತರ ಒಳಗಿನವರ ವಿಭಾಗದಲ್ಲಿ ಫೈನಲ್ ತಲುಪಿದರು. ಗೆದ್ದರೆ ರಾಜ್ಯ ತಂಡ ಖಾತ್ರಿ ಎಂದು ಎಲ್ಲರೂ ಮಾತಾಡುತ್ತಿದ್ದರು.

ಫೈನಲ್ ಮೈಸೂರಿನಲ್ಲಿ. ಆ ಬೆಳಿಗ್ಗೆ ಲಾಡ್ಜಿನಲ್ಲಿ ಶಿವಾನಿ ಸ್ನಾನಕ್ಕೆ ಹೋಗಿದ್ದಾಗ ವೇಣಿ ಫೋನಿನಲ್ಲಿ ಮುಂದಿನ ಟೂರ್ನಿಯ ಪಟ್ಟಿ ನೋಡಿದಳು. ಹಿಂದಿನ ಸಂಜೆಯಷ್ಟೇ ಅದನ್ನು ಹಾಕಿದ್ದರು. ಮಹಿಳೆಯರ ಡಬಲ್ಸ್. ಶಿವಾನಿಯ ಹೆಸರಿತ್ತು. ಪಕ್ಕದಲ್ಲಿ ಇನ್ಯಾರದೋ ಹೆಸರಿತ್ತು; ಬೆಂಗಳೂರು ನಗರದೊಳಗಿನ ದೊಡ್ಡ ಅಕಾಡೆಮಿಯ ಹುಡುಗಿಯದು. ವೇಣಿ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. ತನ್ನ ಹೆಸರು ಎಲ್ಲೂ ಇರಲಿಲ್ಲ.

ಶಿವಾನಿ ತಲೆ ಒರೆಸಿಕೊಳ್ಳುತ್ತ ಬಂದು, "ಇಡ್ಲಿ ತಿನ್ನೋಣ್ವಾ ಕಣೇ?" ಎಂದಳು.

"ಹಸಿವಿಲ್ಲ," ಎಂದಳು ವೇಣಿ. ಅಷ್ಟೇ. ಕೇಳಿಬಿಟ್ಟಿದ್ದರೆ ಎಲ್ಲ ಬೇರೆಯೇ ಆಗುತ್ತಿತ್ತೇನೋ. ಕೇಳುವುದಕ್ಕೆ ಬಾಯಿ ಬರಲಿಲ್ಲ.

ಮೊದಲ ಗೇಮ್ ಗೆದ್ದರು, ಎರಡನೆಯದು ಸೋತರು. ಮೂರನೆಯದರಲ್ಲಿ ಹದಿನೆಂಟಕ್ಕೆ ಹದಿನೇಳು. ಎದುರಾಳಿಯೊಬ್ಬಳು ಶಟಲನ್ನು ಎತ್ತರಕ್ಕೆ ಎತ್ತಿ ಹಿಂದಕ್ಕೆ ಕಳಿಸಿದಳು. ಶಿವಾನಿಯ ಪಾಲಿಗೆ ಹೇಳಿ ಮಾಡಿಸಿದ ಹೊಡೆತ. ವೇಣಿ ನೆಟ್ ಬಳಿ ರಾಕೆಟ್ ಎತ್ತಿ ನಿಂತಿದ್ದಳು. ಹಿಂದೆ ಶೂ ಉಜ್ಜಿದ ಸದ್ದು ಕೇಳಿತು, ಉಸಿರು ಕೇಳಿತು. ನಾಲ್ಕು ವರ್ಷ ನಂಬಿದ್ದ ಆ ಸದ್ದನ್ನು ಅವತ್ತು ನಂಬಲು ಅವಳಿಂದ ಆಗಲಿಲ್ಲ. ಕತ್ತು ತಾನಾಗಿ ಹೊರಳಿತು. ತಿರುಗದೆ ಇದ್ದಿದ್ದರೆ ಶಟಲ್ ಎಡಗಿವಿಯ ಪಕ್ಕದಿಂದ ದಾಟಿ ಹೋಗುತ್ತಿತ್ತು. ತಿರುಗಿದ್ದರಿಂದ ನೇರವಾಗಿ ಎಡಗಣ್ಣಿಗೆ ಬಡಿಯಿತು.

ನೋವಿಗಿಂತ ಮೊದಲು ಕಂಡದ್ದು ಕೆಂಪು ಬಣ್ಣ. ಕಣ್ಣೊಳಗೇ ಯಾರೋ ಕುಂಕುಮ ಕದಡಿದ ಹಾಗೆ. ಮೊಣಕಾಲೂರಿ ಕೂತವಳಿಗೆ ಶಿವಾನಿ ಚೀರುವುದು ಮಾತ್ರ ಕೇಳಿಸುತ್ತಿತ್ತು: "ಸಾರಿ ಕಣೇ, ಸಾರಿ, ಸಾರಿ..."

ಕಣ್ಣಿನ ಮುಂಭಾಗದಲ್ಲಿ ರಕ್ತ ತುಂಬಿತ್ತು. ಒಂದು ವಾರ ತಲೆ ಅಲುಗಾಡಿಸದೆ ದಿಂಬಿಗೆ ಒರಗಿ ಕೂತಿರಬೇಕಾಯಿತು. ರಕ್ತ ಇಳಿದ ಮೇಲೆ ನೋಡಿದರೆ ಕಣ್ಣಿನ ಹಿಂಬದಿಯ ಪರದೆ ರೆಟಿನಾದ ನಡುವೆಯೇ ಗಾಯ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರ್ ಅವಳ ಬಲಗಣ್ಣು ಮುಚ್ಚಿ, "ನನ್ನ ಮುಖ ಕಾಣುತ್ತಾ?" ಎಂದು ಕೇಳಿದರು.

"ನಿಮ್ಮ ಕಿವಿ ಕಾಣುತ್ತೆ ಸಾರ್. ಕೂದಲು ಕಾಣುತ್ತೆ. ಮುಖ ಇರೋ ಜಾಗದಲ್ಲಿ ಏನೂ ಇಲ್ಲ."

ರಾಮಯ್ಯ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ಶಶಿಕಲಾ ಮಾತ್ರ, "ಇನ್ನೊಂದು ಕಣ್ಣು ಚೆನ್ನಾಗಿದೆ ತಾನೇ ಸಾರ್?" ಎಂದು ಮೂರು ಸಲ ಕೇಳಿದಳು.

ಗದಿಗೆಪ್ಪ ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು, ಒಳಗಿದ್ದ ವೇಣಿಗೆ ಕೇಳುವಂತೆ, "ಹೆಂಗ ಹೇಳ್ಲೆವಾ... ನಮ್ಮ ಹುಡುಗಿ ಊಟ ಬಿಟ್ಟಾಳ. ಒಂದು ಸಲ ನಿನ್ನ ನೋಡ್ತೀನಂತಾಳ," ಎಂದರು.

ರಾಮಯ್ಯನಿಗೆ ತಡೆಯಲಾಗಲಿಲ್ಲ. "ನಿಮ್ಮ ಉಡ್ಗಿ ಒಡ್ದು ನನ್ ಮಗಳ ಕಣ್ಣು ಓಯ್ತು. ಈಗ ನಾವೇ ಸಮಾಧಾನ ಮಾಡ್ಬೇಕಾ ಸಾಮಿ? ಓಗಿ, ಎದ್ದೋಗಿ," ಎಂದ. ಗದಿಗೆಪ್ಪ ತಲೆ ತಗ್ಗಿಸಿ ಹೋದರು. ವೇಣಿ ಒಳಗಿನ ಕೋಣೆಯಲ್ಲಿ ಕೂತು ಕೇಳಿಸಿಕೊಂಡಳು. ಶಿವಾನಿಯ ತಪ್ಪಲ್ಲ, ತಾನೇ ತಿರುಗಿದ್ದು ಎಂದು ಹೊರಗೆ ಬಂದು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಒಂದಿಷ್ಟು ನರಳಲಿ ಅನ್ನಿಸಿತು.

ಮೂರು ತಿಂಗಳ ಮೇಲೆ ಕನ್ನಡಕ ಹಾಕಿಕೊಂಡು ಶೆಡ್ಡಿಗೆ ಹೋದಳು. ಪ್ರಸನ್ನ ಸಾರ್ ಮೆಲ್ಲಗೆ ಒಂದು ಶಟಲ್ ಎಸೆದರು. ವೇಣಿ ಬೀಸಿದಳು, ರಾಕೆಟ್ ಬರೀ ಗಾಳಿಗೆ ಬಡಿಯಿತು. ಇನ್ನೊಂದು ಎಸೆದರು, ಅದೂ ಅಷ್ಟೇ. ಒಂದೇ ಕಣ್ಣಿಗೆ ವಸ್ತು ಎಷ್ಟು ದೂರದಲ್ಲಿದೆ ಎಂಬುದು ತಿಳಿಯುತ್ತಿರಲಿಲ್ಲ. ಮನೆಯಲ್ಲೂ ಕಾಫಿ ಬಗ್ಗಿಸಿದರೆ ಲೋಟದ ಹೊರಗೆ ಸುರಿಯುತ್ತಿತ್ತು. ಆರು ವಾರ ದಿನವೂ ಹೋಗಿ ಹೊಡೆದಳು. ಹತ್ತರಲ್ಲಿ ಆರು ತಾಗುವ ಮಟ್ಟಕ್ಕೆ ಬಂತು. ಆರು ತಾಗಿದರೆ ಸಂಜೆ ಹೊತ್ತು ಐಟಿಯವರ ಜೊತೆ ಮೋಜಿಗೆ ಆಡಬಹುದು, ರಾಜ್ಯ ತಂಡಕ್ಕೆ ಆಡಲಾಗದು.

ಅಭ್ಯಾಸ ನಿಲ್ಲಿಸಿದ ದಿನ ಪ್ರಸನ್ನ ಸಾರ್ ಕೇಳಿದರು: "ವೇಣಿ, ಯಾರೋ ತೆಗೆದ ವಿಡಿಯೋ ನೋಡ್ದೆ. ನೀನ್ಯಾಕೆ ತಿರುಗಿದೆ?"

"ಗೊತ್ತಿಲ್ಲ ಸಾರ್."

ಅವರು ಮತ್ತೆ ಕೇಳಲಿಲ್ಲ. "ಶಿವಾನಿ ಆಡ್ತಾ ಇಲ್ಲಮ್ಮ," ಎಂದರು. "ಬರ್ತಾಳೆ, ನಿಂತ್ಕೋತಾಳೆ. ಮುಂದೆ ಯಾರಾದ್ರೂ ಇದ್ರೆ ಕೈ ಎತ್ತೋಕೇ ಆಗಲ್ಲ. ಆ ಅಕಾಡೆಮಿಯವ್ರೂ ವಾಪಸ್ ಕಳಿಸಿದ್ರು."

ವೇಣಿಗೆ ಖುಷಿಯಾಗಬೇಕಿತ್ತು. ಇಷ್ಟು ದಿನ ಬಯಸಿದ್ದು ಇದನ್ನೇ. ಆದರೆ ಗುಡುಗುವ ಹಾಗೆ ಹೊಡೆಯುತ್ತಿದ್ದ ಆ ಉದ್ದನೆಯ ಹುಡುಗಿ ಕೈ ಎತ್ತಲಾಗದೆ ನಿಂತಿರುವುದು ಕಣ್ಣ ಮುಂದಿನಿಂದ ಹೋಗಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಶಾಲೆಯ ಬಸ್ಸು ಬರುವ ಹೊತ್ತಿಗೆ ಅಪಾರ್ಟ್‌ಮೆಂಟಿನ ಗೇಟಿಗೆ ಹೋಗಿ ನಿಂತಳು.

ಬಸ್ಸಿನಿಂದ ಇಳಿದ ಶಿವಾನಿ ಅವಳನ್ನು ಕಂಡು ಅಲ್ಲೇ ನಿಂತಳು. ತೂಕ ಇಳಿದು ಭುಜದ ಮೂಳೆ ಕಾಣುತ್ತಿತ್ತು.

"ಆ ಟೂರ್ನಿ ಪಟ್ಟಿ ವಿಷ್ಯ ನಿಂಗೆ ಗೊತ್ತಿತ್ತಾ?" ವೇಣಿ ಸುತ್ತು ಬಳಸಲಿಲ್ಲ.

ಶಿವಾನಿ ಬ್ಯಾಗನ್ನು ಹೆಗಲಿನಿಂದ ಇಳಿಸಿ, "ಗೊತ್ತಿತ್ತು," ಎಂದಳು. "ಅಪ್ಪನೇ ಆ ಹೆಸರು ಕೊಟ್ಟಿದ್ದು. ಒಂದು ವಾರ ಮುಂಚೆನೇ ಹೇಳಿದ್ರು. ನಿಂಗೆ ಹೇಳೋಕೆ ಮುಖ ಇರ್ಲಿಲ್ಲ ಕಣೇ. ಫೈನಲ್ ಆದ್ಮೇಲೆ ಹೇಳೋಣ ಅಂತ..."

"ನಾನು ಅವತ್ತು ಬೆಳಿಗ್ಗೆ ನೋಡ್ದೆ. ಅದಕ್ಕೇ ತಿರುಗಿದ್ದು. ನಿನ್ನ ಹೊಡೆತ ಸರಿಯಾಗೇ ಇತ್ತು."

ಶಿವಾನಿ ಗೇಟಿನ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ಸೆಕ್ಯೂರಿಟಿಯವನು ನೀರಿನ ಬಾಟಲಿ ಹಿಡಿದು ಬಂದ. ವೇಣಿ ಅಳಲಿಲ್ಲ, ಅವಳ ಹೆಗಲ ಮೇಲೆ ಕೈಯನ್ನೂ ಇಡಲಿಲ್ಲ. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಇವತ್ತಿಗೂ ಹೋಗಿಲ್ಲ. "ನಾಳೆ ಐದೂವರೆಗೆ ಬಾ," ಎಂದಷ್ಟೇ ಹೇಳಿ ಹೊರಟಳು.

ಮರುದಿನ ವೇಣಿ ದಪ್ಪ ಗಾಜಿನ ರಕ್ಷಣೆಯ ಕನ್ನಡಕ ಕಟ್ಟಿಕೊಂಡು ನೆಟ್ ಬಳಿ, ಶಿವಾನಿಗೆ ಬೆನ್ನು ಹಾಕಿ ನಿಂತಳು. ಪ್ರಸನ್ನ ಸಾರ್ ಆ ಕಡೆಯಿಂದ ಶಟಲ್ ಎತ್ತಿ ಎತ್ತಿ ಕಳಿಸಿದರು. ಒಂದಾದ ಮೇಲೊಂದರಂತೆ ಹನ್ನೆರಡು ಶಟಲ್‌ಗಳು ಹಿಂದೆ ಪಟಪಟನೆ ನೆಲಕ್ಕೆ ಬಿದ್ದವು. ಶಿವಾನಿ ಮುಟ್ಟಲೇ ಇಲ್ಲ.

"ಹೊಡಿಯೇ!" ವೇಣಿ ಗದರಿದಳು. "ನಾನು ನಿಂತಿರೋದು ಯಾಕೆ? ಹೊಡಿ!"

ಹದಿಮೂರನೆಯದಕ್ಕೆ ಶೂ ಉಜ್ಜಿದ ಸದ್ದು ಬಂತು. ವೇಣಿಯ ಮೈಯೆಲ್ಲ ಬೆವರಿತು. ತಿರುಗದೆ ಹಲ್ಲು ಕಚ್ಚಿ ನಿಂತಳು. ಶಟಲ್ ಅವಳ ಬಲಗಿವಿಯ ಪಕ್ಕದಿಂದ ಸುಯ್ಯನೆ ಹೋಗಿ ಆಚೆ ಅಂಗಳಕ್ಕೆ ಬಡಿಯಿತು. ಆಮೇಲೆ ಇನ್ನೊಂದು, ಮತ್ತೊಂದು. ಹೀಗೆ ಇಪ್ಪತ್ತು ದಿನ ನಿಂತಳು. ಒಂದೊಂದು ದಿನ ಅಭ್ಯಾಸ ಮುಗಿದ ಮೇಲೆ ಹಿಂದಿನ ಚರಂಡಿಯ ಬಳಿ ಹೋಗಿ ವಾಂತಿ ಮಾಡಿಕೊಂಡು ಬರುತ್ತಿದ್ದಳು. ಅದು ಶಿವಾನಿಗೆ ಗೊತ್ತಿಲ್ಲ.

ಶಿವಾನಿ ಮತ್ತೆ ಆ ಅಕಾಡೆಮಿಗೆ ಹೋದಳು, ಹೊಸ ಜೋಡಿಯ ಜೊತೆ ರಾಜ್ಯ ತಂಡಕ್ಕೂ ಆಯ್ಕೆಯಾದಳು. ರಾಮಯ್ಯ ಆ ಸುದ್ದಿಯಿದ್ದ ಪೇಪರನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ವೇಣಿಗೆ ಈಗ ಇಪ್ಪತ್ತು. ಗಾಯಗೊಂಡ ಕಣ್ಣಿನೊಳಗೆ ಒತ್ತಡ ಏರುತ್ತಿದೆಯಂತೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ನೋಡಿಸಬೇಕು, ಜೀವನಪೂರ್ತಿ ದಿನಕ್ಕೆರಡು ಸಲ ಕಣ್ಣಿಗೆ ಔಷಧಿಯ ಹನಿ ಬಿಡಬೇಕು. ಬೆಳಗಿನ ಹೊತ್ತು ಅದೇ ಶೆಡ್ಡಿನಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ. ರಕ್ಷಣೆಯ ಕನ್ನಡಕ ಇಲ್ಲದ ಮಕ್ಕಳನ್ನು ಡಬಲ್ಸ್‌ಗೆ ಇಳಿಸುವುದಿಲ್ಲ. "ಎಲ್ಲೂ ಇಲ್ಲದ ರೂಲ್ಸು ನಿಮ್ದು ಮೇಡಂ," ಎಂದು ತಾಯಂದಿರು ಗೊಣಗಿದರೆ ಆ ಮಗುವನ್ನು ಸಿಂಗಲ್ಸಿಗೆ ಕಳಿಸುತ್ತಾಳೆ. ಅವರಲ್ಲಿ ಹೆಚ್ಚಿನವರಿಗೆ ಅವಳ ಕಣ್ಣಿನ ವಿಷಯ ತಿಳಿಯದು.

ಮೊನ್ನೆ ಶಿವಾನಿ ಬೇರೆ ರಾಜ್ಯದಿಂದ ಫೋನ್ ಮಾಡಿದ್ದಳು. ಎರಡನೆಯ ಸುತ್ತಿನಲ್ಲಿ ಸೋತಿದ್ದಳಂತೆ.

"ಮುಂದೆ ನಿಲ್ಲೋಳು ಹೇಗೆ ಆಡ್ತಾಳೆ?" ಎಂದು ಕೇಳಿದಳು ವೇಣಿ.

"ಪರವಾಗಿಲ್ಲ. ನಿನ್ನಷ್ಟು ಅಲ್ಲ."

"ಹಾಗಂದ್ಕೊಂಡು ಆಡ್ಬೇಡ," ಎಂದಳು ವೇಣಿ. "ಅವಳಿಗೆ ಗೊತ್ತಾಗ್ಬಿಡುತ್ತೆ."

ಮಕ್ಕಳು ಬರುವ ಹೊತ್ತಾಗಿತ್ತು. ವೇಣಿ ಫೋನ್ ಇಟ್ಟು ಮ್ಯಾಟ್ ಒರೆಸಲು ಎದ್ದಳು.