ಹತ್ತು ಚೀಲಕ್ಕೆ ಹಾಕಿದ ಸ್ಪ್ರಿಂಗು

2024ರ ಬೇಸಿಗೆಯಲ್ಲಿ ನಾನು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿದ್ದ ಎಲೆಕ್ಟ್ರಿಕ್ ವಾಹನಗಳ ಡೀಲರೊಬ್ಬರ ವರ್ಕ್‌ಶಾಪಿನಲ್ಲಿ ಸಸ್ಪೆನ್ಷನ್ ವಿಭಾಗದ ಫೋರ್‌ಮನ್ ಆಗಿದ್ದೆ. ನಿವೃತ್ತಿಗೆ ಹತ್ತು ತಿಂಗಳು ಬಾಕಿಯಿತ್ತು. ಅದಕ್ಕೂ ಮೊದಲು ಮೂವತ್ತು ವರ್ಷ ಲಾರಿ, ಬಸ್ಸು, ಜೀಪುಗಳ ಕೆಳಗೆ ಅಂಗಾತ ಮಲಗಿ ಕಳೆದವನು ನಾನು. ಡೀಸೆಲ್ ವಾಸನೆ ಇಲ್ಲದ ವರ್ಕ್‌ಶಾಪಿನಲ್ಲಿ ಮೊದಮೊದಲು ಊಟವೇ ರುಚಿಸುತ್ತಿರಲಿಲ್ಲ ಎಂದರೆ ಮನೆಯಲ್ಲಿ ಈಗಲೂ ನಗುತ್ತಾರೆ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಚಕ್ರಕ್ಕೆ ಬಿದ್ದ ಏಟು ಕೂತವರ ಮೈಗೆ ಮುಟ್ಟದಂತೆ ನೋಡಿಕೊಳ್ಳುವ ವ್ಯವಸ್ಥೆಗೆ ಸಸ್ಪೆನ್ಷನ್ ಎನ್ನುತ್ತಾರೆ. ಸ್ಪ್ರಿಂಗು ಏಟನ್ನು ನುಂಗುತ್ತದೆ. ನುಂಗಿದ ಸ್ಪ್ರಿಂಗು ಮತ್ತೆ ಮತ್ತೆ ಕುಣಿಯದಂತೆ ಶಾಕ್ ಅಬ್ಸಾರ್ಬರ್ ಹಿಡಿದು ನಿಲ್ಲಿಸುತ್ತದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಬ್ಯಾಟರಿಯ ಭಾರವೆಲ್ಲ ನೆಲಹಾಸಿನ ಕೆಳಗೇ ಇರುವುದರಿಂದ ಸ್ಪ್ರಿಂಗುಗಳು ಮೊದಲೇ ಸ್ವಲ್ಪ ಬಿಗಿಯಾಗಿರುತ್ತವೆ. ನಾವು ಮಾರುತ್ತಿದ್ದುದು ಕಾಡುಮೇಡು ಹತ್ತುವಂತೆ ಮಾಡಿದ ಎತ್ತರದ ಗಾಡಿ. ಅದಕ್ಕೆ ಮೂರು ಆಯ್ಕೆಗಳಿದ್ದವು. ಒಂದು, ಸಾಧಾರಣ ಸ್ಪ್ರಿಂಗ್. ಎರಡು, ಭಾರ ಹೇರುವವರಿಗಾಗಿ ಹಿಂದಿನ ಚಕ್ರಗಳಿಗೆ ಹೆವಿ ಡ್ಯೂಟಿ ಸ್ಪ್ರಿಂಗ್. ಮೂರನೆಯದು ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗಿನ ಬದಲು ಗಾಳಿಚೀಲ. ಅದು ಭಾರಕ್ಕೆ ತಕ್ಕಂತೆ ತಾನೇ ಮೆತ್ತಗೂ ಬಿಗಿಯೂ ಆಗುತ್ತದೆ, ಆದರೆ ಫ್ಯಾಕ್ಟರಿಯಲ್ಲೇ ಹಾಕಿಸಿಕೊಂಡು ಬರಬೇಕು, ಆಗ ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು.

ಏಪ್ರಿಲಿನಲ್ಲಿ ಖಾದರ್ ಸಾಹೇಬರು ಗಾಡಿ ಬುಕ್ ಮಾಡಲು ಬಂದರು. ಊರಲ್ಲಿ ಅವರದೊಂದು ಮಂಡಕ್ಕಿ ಭಟ್ಟಿ. ಭಟ್ಟಿಯ ಸದ್ದಿನ ಮೇಲೆ ಕೂಗಿ ಕೂಗಿ ಅಭ್ಯಾಸವಾಗಿದ್ದ ಗಂಟಲು, ಗುಟ್ಟು ಹೇಳಿದರೂ ರಸ್ತೆಗೆ ಕೇಳಿಸುವಂಥದ್ದು. ಗಾಡಿ ಬೇಕಾಗಿದ್ದದ್ದು ಅವರ ಹೆಂಡತಿ ಹಸೀನಾ ಬಾನು ಅವರಿಗೆ. ಹರಿಹರದ ಕಡೆಯ ವ್ಯಾಪಾರವನ್ನೆಲ್ಲ ಇಪ್ಪತ್ತು ವರ್ಷದಿಂದ ಕಟ್ಟಿ ಬೆಳೆಸಿದವರು ಆಕೆ. ಅಂಗಡಿ ಅಂಗಡಿಗೆ ಮಂಡಕ್ಕಿ ಮುಟ್ಟಿಸುವುದಲ್ಲದೆ, ಕೊಯ್ಲಿನ ಕಾಲದಲ್ಲಿ ಭದ್ರಾ ಚಾನಲ್ ಏರಿಯ ಮೇಲೆ ಗದ್ದೆಯವರೆಗೂ ಹೋಗಿ ಭತ್ತ ನೋಡಿ ಬರುತ್ತಿದ್ದರು. ಕಾಳು ಹಲ್ಲಿಗೆ ಹಾಕಿ ಕಚ್ಚಿ, ಇದು ಅರಳುತ್ತದೆ ಎಂದು ಆಕೆ ತಲೆಯಾಡಿಸಿದರೆ ಮಾತ್ರ ಆ ಭತ್ತ ಭಟ್ಟಿಗೆ ಬರುತ್ತಿತ್ತು. ಹಿಂದಿನ ವರ್ಷ ಆಕೆಗೆ ಬೆನ್ನುಮೂಳೆಯ ಡಿಸ್ಕ್ ಆಪರೇಷನ್ ಆಗಿತ್ತು. ಏಟು ಬೀಳದ ಗಾಡಿಯಾದರೆ ಓಡಾಡಿ, ಇಲ್ಲದಿದ್ದರೆ ಮನೆಯಲ್ಲಿರಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

ಬುಕಿಂಗ್ ಫಾರಂ ತುಂಬಿದವನು ನಾನೇ. "ಹಿಂದೆ ಎಷ್ಟು ಲೋಡ್ ಹಾಕ್ತೀರಿ ಸಾಹೇಬ್ರೆ?" ಎಂದೆ.

"ಹತ್ತು ಚೀಲ ರೀ ಮೇಸ್ತ್ರಿ. ಟಾಪಿಗೆ ಮುಟ್ಟೋ ಹಂಗೆ, ಫುಲ್. ಆದ್ರೆ ಗಾಡಿ ಮೆತ್ತಗಿರ್ಬೇಕು, ನಮ್ ಮನೆಯೋರ ಬೆನ್ನಿನ ವಿಷಯ ಐತೆ."

ಲಾರಿಯ ಜೊತೆ ಬೆಳೆದ ನನ್ನ ತಲೆಯಲ್ಲಿ ಚೀಲ ಎಂದರೆ ಐವತ್ತು ಕೆ.ಜಿ. ಹತ್ತು ಚೀಲಕ್ಕೆ ಐನೂರು. "ಹೆವಿ ಡ್ಯೂಟಿ ಹಾಕಿಸ್ರಿ. ಲೋಡ್ ಬಿದ್ರೆ ಅದೂ ಮೆತ್ತಗಾಗ್ತೈತೆ," ಎಂದು ಎರಡನೆಯ ಆಯ್ಕೆಗೆ ಗುರುತು ಹಾಕಿಬಿಟ್ಟೆ. ಹೇಳಿದ ತತ್ವ ಸರಿಯಾಗಿಯೇ ಇತ್ತು. ಬಿಗಿ ಸ್ಪ್ರಿಂಗಿನ ಮೇಲೆ ತಕ್ಕ ಭಾರ ಕೂತರೆ ಅದು ಹದಕ್ಕೆ ಬರುತ್ತದೆ.

ಗಾಡಿ ಹೋದ ನಾಲ್ಕೇ ದಿನಕ್ಕೆ ಸಾಹೇಬರು ವಾಪಸು ಬಂದರು. "ಇದರಾಗೆ ಕೂರೋಕಾಗಂಗಿಲ್ಲ ಅಂತಾಳ್ರಿ," ಎಂದರು. ನಾನು ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದೆ. ಸ್ವಲ್ಪ ಬಿಗಿ ಎನಿಸಿತು, ಅಷ್ಟೇ. "ಹೊಸ ಸ್ಪ್ರಿಂಗು ಸಾಹೇಬ್ರೆ. ಸಾವಿರ ಕಿಲೋಮೀಟರ್ ಓಡ್ಲಿ, ತಾನೇ ಸೆಟ್ ಆಗ್ತೈತೆ," ಎಂದು ಕಳಿಸಿದೆ. ನಮ್ಮ ಕಸುಬಿನಲ್ಲಿ ಇದೊಂದು ಸವಕಲು ಮಾತು. ಉತ್ತರ ಗೊತ್ತಿಲ್ಲದಾಗ ಇದನ್ನು ಹೇಳುತ್ತೇವೆ, ಗಿರಾಕಿ ನಂಬುತ್ತಾನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುಂದಿನ ವಾರ ಹಸೀನಾ ಬಾನು ಅವರೇ ಬಂದರು. ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದಿದ್ದರು. ಕುರ್ಚಿ ಹಾಕಿಸಿದರೆ ಬೇಡವೆಂದು ನಿಂತೇ ಮಾತಾಡಿದರು.

"ಗಾಡಿ ಓಡಿಸಿ ನೋಡಿದ್ರಂತೆ ಮೇಸ್ತ್ರಿ. ಕುಂತು ನೋಡಿದ್ರೇನು?"

ಇಲ್ಲವೆಂದು ಒಪ್ಪಿಕೊಂಡೆ. ಆಕೆ ಕೋಪ ಮಾಡಿಕೊಳ್ಳಲಿಲ್ಲ. "ನಾಳೆ ಹರಿಹರದ ಲೈನಿಗೆ ಹೊಂಟೀನಿ. ಇದೇ ಕಡೇದು. ಸೋಮವಾರದಿಂದ ಮೈದುನ ನೋಡ್ಕೊಳ್ಳೋದು ಅಂತ ಮಾತಾಗೈತೆ. ನೀವೂ ಒಂದ್ಸಲ ಬರ್ರಿ," ಎಂದರು. ಇಪ್ಪತ್ತು ವರ್ಷದ ಕೆಲಸವನ್ನು ಬಿಡುವ ಮಾತನ್ನು ಅಷ್ಟು ಮೆಲ್ಲಗೆ ಹೇಳಿದ್ದು ನನಗೆ ಚುಚ್ಚಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟೆವು. ಸಾಹೇಬರು ಸ್ಟೀರಿಂಗಿನಲ್ಲಿ, ಆಕೆ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಒಬ್ಬರಿಗಷ್ಟೇ ಜಾಗ ಬಿಟ್ಟು ಉಳಿದದ್ದನ್ನು ಮಡಚಿ ಹತ್ತು ಚೀಲ ತುಂಬಿದ್ದರು. ನಾನು ಕೂತದ್ದು ಸರಿಯಾಗಿ ಹಿಂದಿನ ಸ್ಪ್ರಿಂಗಿನ ತಲೆಯ ಮೇಲೆ. ಹರಿಹರದವರೆಗೆ ಒಳ್ಳೆಯ ರಸ್ತೆ, ತೊಂದರೆಯಾಗಲಿಲ್ಲ. ಅಲ್ಲಿಂದ ಚಾನಲ್ ಏರಿಗೆ ಇಳಿದೆವು ನೋಡಿ, ಮೊದಲ ಗುಂಡಿಗೇ ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು. ಗುಂಡಿಗೆ ಬಿದ್ದಾಗ ಗಾಡಿ ತಗ್ಗಬೇಕು, ಇದು ಗಟ್ಟಿ ರಬ್ಬರ್ ಚೆಂಡಿನ ಹಾಗೆ ಪುಟಿಯುತ್ತಿತ್ತು. ಹಸೀನಾ ಬಾನು ಎಡಗೈಯಲ್ಲಿ ಮೇಲಿನ ಹಿಡಿಕೆ ಹಿಡಿದು, ಬಲಗೈಯನ್ನು ಬೆಲ್ಟಿಗೆ ಒತ್ತಿಕೊಂಡಿದ್ದರು. ಇಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಉಸಿರು ಬಿಗಿ ಹಿಡಿದದ್ದೂ ಕೇಳಿಸುತ್ತದೆ. ಪ್ರತಿ ಏಟಿಗೂ ಸಾಹೇಬರು ರಸ್ತೆ ಬಿಟ್ಟು ಹೆಂಡತಿಯ ಮುಖ ನೋಡುತ್ತಿದ್ದರು.

ಏರಿ ಮುಗಿದಲ್ಲಿ ಒಂದು ಹಳ್ಳಿ, ಅಲ್ಲೊಂದು ಕಿರಾಣಿ ಅಂಗಡಿ. ಸುಮ್ಮನೆ ನಿಲ್ಲುವುದು ಸರಿಯಲ್ಲವೆಂದು ಚೀಲ ಇಳಿಸಲು ನಾನೂ ಕೈ ಹಾಕಿದೆ. ಎದೆಯೆತ್ತರದ ಚೀಲ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಹಲ್ಲು ಕಚ್ಚಿ ಒಮ್ಮೆಲೇ ಜಗ್ಗಿದೆ. ಚೀಲ ನನ್ನ ತಲೆಯ ಮೇಲೆ ಹಾರಿತು, ನಾನು ಹಿಂದಕ್ಕೆ ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕುಕ್ಕರಿಸಿದೆ. ಹಸೀನಾ ಬಾನು ಬೆನ್ನು ಹಿಡಿದುಕೊಂಡೇ ನಕ್ಕರು.

"ಮಂಡಕ್ಕಿ ರೀ ಅದು, ಭತ್ತ ಅಲ್ಲ!"

ನಾನು ನಗಲಿಲ್ಲ. ಕೂತಲ್ಲಿಂದಲೇ ಕೇಳಿದೆ: "ಅಕ್ಕಾರೆ, ಈ ಚೀಲ ಎಷ್ಟು ತೂಕ ಬರ್ತೈತೆ?"

ಗಂಡ ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಂಡರು. "ಮಂಡಕ್ಕಿನ ಯಾರ್ರಿ ತೂಗ್ತಾರೆ? ಸೇರಿನ ಲೆಕ್ಕ ಅದು," ಎಂದರು ಸಾಹೇಬರು.

ಅಂಗಡಿಯ ತಕ್ಕಡಿಗೆ ಹಾಕಿಸಿದೆ. ಒಂಬತ್ತು ಕೆ.ಜಿ. ಹತ್ತು ಚೀಲಕ್ಕೆ ತೊಂಬತ್ತು. ನಾನು ಐನೂರು ಕೆ.ಜಿ.ಗೆಂದು ಸ್ಪ್ರಿಂಗು ಹಾಕಿಸಿದ್ದೆ. ಮಂಡಕ್ಕಿ ಹಗುರ ಎಂದು ದಾವಣಗೆರೆಯಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಲ್ಲದೆ ನನಗೆ ದಿನವೇ ಮುಗಿಯುವುದಿಲ್ಲ. ಆದರೆ ಅದನ್ನು ಸೇರಿನಲ್ಲಿ ತುಂಬಿ ಅಳೆದದ್ದು ನೋಡಿದ್ದೇನೆಯೇ ಹೊರತು ತೂಗಿದ್ದು ನೋಡಿರಲಿಲ್ಲ. ಸಾಹೇಬರು ಜಾಗದ ಲೆಕ್ಕದಲ್ಲಿ ಫುಲ್ ಎಂದರು, ನಾನು ಭಾರದ ಲೆಕ್ಕದಲ್ಲಿ ಬರೆದುಕೊಂಡೆ. "ತಪ್ಪು ನಂದು," ಎಂದು ಅಲ್ಲೇ ಹೇಳಿದೆ.

ಆದರೂ ಸ್ಪ್ರಿಂಗು ಬಿಚ್ಚುವ ಮೊದಲು ಖಾತ್ರಿಯಾಗಬೇಕಿತ್ತು. ಚೀಲಗಳನ್ನೆಲ್ಲ ಇಳಿಸಿ ವಾಪಸು ಬರುವಾಗ ಅದೇ ಏರಿಯ ಮಗ್ಗುಲಲ್ಲಿ ಒಂದು ಗದ್ದೆಯವರು ಭತ್ತ ತುಂಬಿಸುತ್ತಿದ್ದರು. ಹಸೀನಾ ಬಾನು ಅವರ ಪರಿಚಯದವರೇ. ಖಾಲಿಯಾಗಿದ್ದ ಗಾಡಿಗೆ ಎಂಟು ಚೀಲ ಭತ್ತ ಕೇಳಿ ಹೇರಿದೆವು. ಚೀಲಕ್ಕೆ ಐವತ್ತರಂತೆ ನಾನೂರು ಕೆ.ಜಿ. ಅದೇ ಗುಂಡಿಗಳ ಮೇಲೆ ಮತ್ತೆ ಓಡಿಸಿದಾಗ ಗಾಡಿ ತಗ್ಗಿ, ಎದ್ದು, ಸುಮ್ಮನಾಯಿತು. ಅರ್ಧ ದಾರಿಯಲ್ಲಿ ಆಕೆ ಹಿಡಿಕೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಈಗ ಚಲೋ ಐತೆ. ಹಂಗಂತ ದಿನಾ ಎಂಟು ಚೀಲ ಭತ್ತ ಹೊತ್ಕೊಂಡು ತಿರುಗೋದೇನು?" ಎಂದರು.

"ಬ್ಯಾಡ ಅಕ್ಕಾರೆ. ಭತ್ತ ವಾಪಸ್ ಕೊಟ್ಟುಬಿಡ್ರಿ, ಸ್ಪ್ರಿಂಗು ನಾನು ಬದ್ಲಿಸ್ತೀನಿ."

ಪುಕ್ಕಟೆಯಾಗಿ ಬದಲಿಸಿಕೊಡಲು ವರ್ಕ್‌ಶಾಪಿನಲ್ಲಿ ಮ್ಯಾನೇಜರು ಒಪ್ಪಲಿಲ್ಲ. ಗಿರಾಕಿ ಹೇಳಿದ್ದನ್ನೇ ಬರೆದಿದ್ದೀರಿ, ನಮ್ಮದೇನು ತಪ್ಪು ಎಂಬುದು ಅವರ ವಾದ. ನಾನು ಜಾಬ್ ಕಾರ್ಡಿನಲ್ಲಿ, ಅಂದರೆ ರಿಪೇರಿಯ ವಿವರ ಬರೆಯುವ ಹಾಳೆಯಲ್ಲಿ, "ಭಾರ ವಿಚಾರಿಸದೆ ಫೋರ್‌ಮನ್ ತಪ್ಪು ಸ್ಪ್ರಿಂಗ್ ಸೂಚಿಸಿದ್ದಾರೆ" ಎಂದು ಬರೆದು ಸಹಿ ಹಾಕಿ ಮುಂದಿಟ್ಟೆ. ಅವರು ನನ್ನನ್ನೂ ಹಾಳೆಯನ್ನೂ ಎರಡು ಸಲ ನೋಡಿ ಒಪ್ಪಿಕೊಂಡರು. ನಿವೃತ್ತಿಗೆ ಹತ್ತಿರವಾದವನಿಗೆ ಅಷ್ಟು ಧೈರ್ಯ ಬರುತ್ತದೆ, ಮೂವತ್ತರ ವಯಸ್ಸಿನಲ್ಲಿ ಬರೆಯುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಎರಡು ದಿನದ ಕೆಲಸ. ಸಾಧಾರಣ ಸ್ಪ್ರಿಂಗಿನ ಜೊತೆ ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರುಗಳನ್ನೂ ಹಾಕಿದೆ. ಸ್ಪ್ರಿಂಗು ಮೆತ್ತಗಿದ್ದು ಶಾಕ್ ಬಿಗಿಯಿದ್ದರೆ ಮೊದಲಿನ ಕಥೆಯೇ. ಪೂರ್ತಿ ಲೋಡಿಗೆಂದು ಟೈರಿಗೆ 42 ಪಿಎಸ್‌ಐ ಗಾಳಿ ತುಂಬಿಸಿದ್ದವನೂ ನಾನೇ. ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಕಡಿಮೆ ಭಾರಕ್ಕೆ ಸೂಚಿಸಿದಂತೆ 34ಕ್ಕೆ ಇಳಿಸಿದೆ. ಇನ್ನೊಂದು ಉಳಿದಿತ್ತು. ಎಲೆಕ್ಟ್ರಿಕ್ ಗಾಡಿಯಲ್ಲಿ ಆಕ್ಸಲರೇಟರ್ ಬಿಟ್ಟ ಕೂಡಲೇ ಮೋಟಾರು ಗಾಡಿಯ ಓಟದಿಂದಲೇ ಬ್ಯಾಟರಿಗೆ ಚಾರ್ಜ್ ತುಂಬುತ್ತದೆ, ಆಗ ಗಾಡಿ ಹಿಡಿದಂತಾಗಿ ಕೂತವರು ಮುಂದಕ್ಕೆ ವಾಲುತ್ತಾರೆ. ಇದಕ್ಕೆ ರೀಜೆನ್ ಎನ್ನುತ್ತಾರೆ. ಬೆನ್ನು ನೋವಿನವರಿಗೆ ಅದೂ ಸಣ್ಣ ಶಿಕ್ಷೆಯೇ. ಅದನ್ನು ಎಲ್ಲಕ್ಕಿಂತ ಕೆಳಗಿನ ಮಟ್ಟಕ್ಕೆ ಇಟ್ಟೆ.

ಶನಿವಾರ ಮಧ್ಯಾಹ್ನ ಮೂವರೂ ಮತ್ತೆ ಹೋದೆವು, ಹತ್ತು ಚೀಲ ಮಂಡಕ್ಕಿಯೊಂದಿಗೆ. ಚಾನಲ್ ಏರಿಯ ಮೇಲೆ ಹೋಗುವಾಗ ಆಕೆ ಏನೂ ಹೇಳಲಿಲ್ಲ, ಬರುವಾಗಲೂ ಹೇಳಲಿಲ್ಲ. ಹರಿಹರ ದಾಟಿದ ಮೇಲೆ ತಡೆಯಲಾರದೆ "ಹೆಂಗೈತೆ ಅಕ್ಕಾರೆ?" ಎಂದೆ. ಸಾಹೇಬರು ಕನ್ನಡಿಯಲ್ಲಿ ನನ್ನತ್ತ ನೋಡಿ ತುಟಿಗೆ ಬೆರಳಿಟ್ಟರು. ಬಗ್ಗಿ ನೋಡಿದರೆ, ಹಸೀನಾ ಬಾನು ಕತ್ತು ವಾಲಿಸಿ ನಿದ್ದೆ ಹೋಗಿದ್ದರು.

"ಆಪರೇಷನ್ ಆದ್ಮೇಲೆ ಕುಂತು ಕಣ್ಣು ಮುಚ್ಚಿದ್ದು ಇದೇ ಮೊದಲು ರೀ," ಎಂದು ಸಾಹೇಬರು ಪಿಸುಗುಟ್ಟಿದರು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬರಬಹುದೆಂದು ನಾನು ಎಣಿಸಿರಲಿಲ್ಲ. ನನ್ನ ಕಣ್ಣು ತುಂಬಿತು.

ನಮ್ಮ ವರ್ಕ್‌ಶಾಪ್ ಬಂತು, ಅವರು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಚ್ಚರವಾಗುತ್ತದಲ್ಲ. ಮಂಡಿಪೇಟೆಯ ಗದ್ದಲದ ಕಡೆಗೆ ತಿರುಗದೆ ಎಸ್.ಎಸ್. ಬಡಾವಣೆಯ ರಸ್ತೆಗಳಲ್ಲಿ ಮೆಲ್ಲಗೆ ಒಂದು ಸುತ್ತು ಹಾಕಿದರು, ಮತ್ತೊಂದು ಸುತ್ತು ಹಾಕಿದರು. ಮೂವತ್ತು ವರ್ಷ ನಾನು ಗಾಡಿಗಳನ್ನು ಪರೀಕ್ಷೆ ಮಾಡಿದ್ದು ಡ್ರೈವರ್ ಸೀಟಿನಿಂದ. ಸ್ಟೀರಿಂಗ್ ಹಿಡಿದವನಿಗೆ ಗುಂಡಿ ಮೊದಲೇ ಕಾಣುತ್ತದೆ, ಅವನ ಮೈ ತಾನೇ ಬಿಗಿಯಾಗಿ ತಯಾರಾಗುತ್ತದೆ. ಪಕ್ಕದಲ್ಲಿ ಕೂತವರಿಗೆ ಅದು ತಿಳಿಯುವುದು ಏಟು ಬಿದ್ದ ಮೇಲೆ. ಅಂದಿನಿಂದ ಕೆಲಸ ಬಿಡುವವರೆಗೂ ಕೀಲಿಯನ್ನು ಬೇರೆಯವರಿಗೆ ಕೊಟ್ಟು, ಗಾಡಿಯಲ್ಲಿ ಕೂರುವವರು ಯಾರೆಂದು ಕೇಳಿ, ಅವರ ಜಾಗದಲ್ಲಿ ಕೂತ ಮೇಲೇ ಜಾಬ್ ಕಾರ್ಡಿಗೆ ಸಹಿ ಹಾಕಿದೆ.

ಮೂರನೆಯ ಸುತ್ತಿಗೆ ಹಸೀನಾ ಬಾನು ಕಣ್ಣು ಬಿಟ್ಟರು. ಕಿಟಕಿಯ ಆಚೆ ನೋಡಿ, ಗಂಡನನ್ನು ನೋಡಿ, ತಲೆಯ ಸೆರಗು ಸರಿಮಾಡಿಕೊಂಡರು.

"ಇಲ್ಲೇನ್ ತಿರುಗ್ತಿದೀರಿ? ನಿಮ್ ತಮ್ಮಗೆ ಫೋನ್ ಹಚ್ರಿ," ಎಂದರು. "ಸೋಮವಾರ ಅವನು ಬರೋದು ಬ್ಯಾಡ."