ಸೋದರತ್ತೆ ಹೇಳಬೇಕಾದ ಹೆಸರು

ನಮ್ಮ ಕಡೆ ಮಗುವಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವಳು ಸೋದರತ್ತೆ. ನನ್ನ ತಮ್ಮನಿಗೆ ಇರುವುದು ನಾನೊಬ್ಬಳೇ ಅಕ್ಕ. ಮದುವೆಯಾಗಿ ಆರು ವರ್ಷಕ್ಕೆ ಅವನಿಗೆ ಹೆಣ್ಣುಮಗು ಹುಟ್ಟಿದಾಗ, ಈ ಒಂದು ಕೆಲಸವಾದರೂ ನನ್ನದು, ಇದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಅಂದುಕೊಂಡಿದ್ದೆ. ಇದು ಕಳೆದ ವರ್ಷದ ಮಾತು. ಇವತ್ತು ನೆನೆದರೂ ಮೈ ಉರಿಯುತ್ತದೆ.

ಹೆಸರು ಹುಡುಕಿದ್ದು ತಮ್ಮನ ಹೆಂಡತಿ, ಮೊಬೈಲಿನಲ್ಲಿ. ಲಾರೆಲ್ ಅನ್ನುವ ಮರದಿಂದ ಹುಟ್ಟಿದ ಹೆಸರುಗಳದ್ದೇ ಒಂದು ಪುಟ ಅವಳಿಗೆ ಸಿಕ್ಕಿತ್ತು. ಲಾರಾ, ಲಾರೆನ್, ಡಾಫ್ನಿ, ಇನ್ನೂ ಏನೇನೋ. ಲಾರಾ, ಲಾರೆನ್ ಲ್ಯಾಟಿನ್ನಿನಿಂದ ಬಂದವು. ಡಾಫ್ನಿ ಅಂದರೆ ಗ್ರೀಕರ ಮಾತಿನಲ್ಲಿ ಆ ಮರವೇ. ಎಲ್ಲದರ ಮುಂದೆಯೂ ಹೆಚ್ಚುಕಡಿಮೆ ಒಂದೇ ಅರ್ಥ ಬರೆದಿದ್ದರು: ಗೆಲುವು, ಕೀರ್ತಿ. ಹಿಂದೆ ಗೆದ್ದುಬಂದವರ ತಲೆಗೆ ಆ ಎಲೆಯ ಕಿರೀಟ ತೊಡಿಸುತ್ತಿದ್ದರಂತೆ. ಗಂಡ ಹೆಂಡತಿ ಅದರಲ್ಲೊಂದನ್ನು ಆರಿಸಿಕೊಂಡರು. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಬೇಕಾದರೆ ಆ ಹುಡುಗಿಯೇ ದೊಡ್ಡವಳಾದ ಮೇಲೆ ಹೇಳಿಕೊಳ್ಳಲಿ.

ಅವ್ವನನ್ನು ಒಪ್ಪಿಸುವ ಕೆಲಸ ಮಾತ್ರ ನನ್ನ ತಲೆಗೆ ಬಿತ್ತು. ಚನ್ನಪಟ್ಟಣದ ನಮ್ಮ ಮನೆಯಲ್ಲಿ ಕರೆಂಟ್ ಬಿಲ್ ಕಟ್ಟಿ ಬರುವವಳು ನಾನು, ಆಸ್ಪತ್ರೆಗೆ ಓಡುವವಳು ನಾನು, ಅವ್ವನ ಕೈಲಿ ಬೈಸಿಕೊಳ್ಳುವವಳೂ ನಾನೇ. "ನೀನ್ ಹೇಳುದ್ರೆ ಅವ್ವ ಕೇಳ್ತದೆ ಕಣಕ್ಕ" ಎಂದು ತಮ್ಮ ಜಾರಿಕೊಂಡ. ಅವ್ವನದು ಬೇರೆ ಲೆಕ್ಕ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸಿ ಬೇಡಿಕೊಂಡವಳು ಅವಳು, ಮಗುವಿಗೆ ದೇವರ ಹೆಸರೇ ಬೇಕು.

"ಅದ್ಯಾವ್ ಮರನವ್ವ? ನಮ್ ಕಡೆ ಐತಾ?" ಎಂದಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಇಲ್ಲ ಕಣವ್ವ. ನಮ್ ಪಲಾವ್ ಎಲೆ ಮರದ ದಾಯಾದಿ ಅಂದ್ಕೊ."

ಅಷ್ಟು ಸಾಕಾಯಿತು. "ಅಯ್ಯೋ, ನಿಮ್ಗೇನ್ ಬಂತು ದೊಡ್ರೋಗ! ಹರಕೆ ಹೊತ್ತು ಹುಟ್ಟಿದ್ ಮಗೀಗೆ ಮಸಾಲೆ ಹೆಸ್ರಾ?"

"ತುಳಸಿ ಅಂತ ಇಡಾಕಿಲ್ವಾ? ಅದೂ ಗಿಡಾನೇ ತಾನೆ?" ಎಂದೆ.

"ತುಳಸಿಗೆ ಕೈ ಮುಗೀತೀವಿ. ಪಲಾವ್ ಎಲೆ ಬಾಯಿಗ್ ಸಿಕ್ರೆ ತೆಗ್ದು ತಟ್ಟೆ ಪಕ್ಕುಕ್ ಇಕ್ತೀವಿ!"

ಮೂರು ದಿನ ಗೋಗರೆದೆ. ಕೊನೆಗೆ, "ಏನಾರ ಇಟ್ಕಳಿ, ನಾನು ಕಂದಮ್ಮ ಅಂತೀನಿ" ಎಂದು ಅವ್ವ ಕೈಚೆಲ್ಲಿದಳು.

ಅವ್ವನ ಮುಂದೆ ಹೇಳಲು ಏನಾದರೂ ಒಳ್ಳೆಯದು ಸಿಗಬಹುದು ಎಂದು ಆ ಪುಟವನ್ನು ಕೊನೆಯ ತನಕ ಓದಿದವಳು ಮನೆಯಲ್ಲಿ ನಾನೊಬ್ಬಳೇ. ಕೆಳಗೆ ಗ್ರೀಕರ ಒಂದು ಕಥೆಯಿತ್ತು. ಒಬ್ಬಳು ಹುಡುಗಿಯ ಮೇಲೆ ಒಬ್ಬ ದೇವರಿಗೆ ಮನಸ್ಸಾಯಿತು. ಅವಳಿಗೆ ಅವನು ಬೇಡ. ಅವಳು ಓಡಿದಳು, ಅವನು ಅಟ್ಟಿಸಿಕೊಂಡು ಬಂದ. ಇನ್ನೇನು ಕೈಗೆ ಸಿಕ್ಕಿಬಿಡುತ್ತೇನೆ ಅನ್ನುವಾಗ ಅವಳು ಅಪ್ಪನನ್ನು ಕೂಗಿದಳು. ಅವಳಪ್ಪ ಒಂದು ನದಿ. ಅವನು ಮಗಳನ್ನು ನಿಂತಲ್ಲೇ ಮರ ಮಾಡಿಬಿಟ್ಟ. ಆ ದೇವರು ಅಷ್ಟಕ್ಕೂ ಬಿಡದೆ ಅದೇ ಮರದ ಎಲೆ ಕಿತ್ತು ತನ್ನ ತಲೆಗೆ ಕಿರೀಟ ಮಾಡಿಕೊಂಡ. ಗೆಲುವು ಅನ್ನುವ ಅರ್ಥ ಬಂದದ್ದು ಹೀಗಂತೆ. ಥೂ! ಓಡಿ ಓಡಿ ಸುಸ್ತಾದವಳು ಅವಳು, ಕಿರೀಟ ಮಾತ್ರ ಅವನಿಗೆ.

ಎಂಟು ವರ್ಷದ ಹಿಂದೆ ಕನಕಪುರದ ಗಂಡನ ಮನೆಯಿಂದ ಒಂದು ಚೀಲ ಹಿಡಿದುಕೊಂಡು ನಾನೂ ಓಡಿ ಬಂದವಳು. ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ರಾಮನಗರ ಬರುವ ತನಕ ಬಸ್ಸಿನ ಕಿಟಕಿಯಲ್ಲಿ ತಿರುತಿರುಗಿ ನೋಡಿದ್ದೆ. ಆಗ ಅಪ್ಪ ಬದುಕಿದ್ದರು. "ಒಳಿಕ್ ಬಾ ಮಗ. ಇನ್ ಎಲ್ಗೂ ಓಗ್ಬ್ಯಾಡ" ಎಂದರು. ಆ ಒಂದು ಮಾತಿಗೆ ನಾನು ಉಳಿದುಕೊಂಡೆ. ಆದರೆ ಅವತ್ತಿನಿಂದ ಮದುವೆಯಲ್ಲಿ ಆರತಿ ಎತ್ತಲಿಕ್ಕಾಗಲಿ, ಸೀಮಂತದಲ್ಲಿ ಬಳೆ ತೊಡಿಸಲಿಕ್ಕಾಗಲಿ ನನ್ನನ್ನು ಯಾರೂ ಕರೆದಿಲ್ಲ. ಅಡುಗೆಗೆ ಮಾತ್ರ ಎಲ್ಲರೂ ಕರೆಯುತ್ತಾರೆ.

ನಾಮಕರಣದ ಹಿಂದಿನ ಮಧ್ಯಾಹ್ನ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿದ್ದೆ. ಅವ್ವ ಬಂದು ಪಕ್ಕದಲ್ಲಿ ನಿಂತಳು. ನನ್ನ ಮುಖ ನೋಡಲಿಲ್ಲ.

"ಕಿವೀಲಿ ಹೆಸ್ರು ಹೇಳಾಕೆ ಸೋಲೂರ್ನಿಂದ ನಿನ್ ಚಿಕ್ಕಪ್ಪನ್ ಮಗಳ್ನ ಕರ್ಸಿವ್ನಿ. ಗಂಡನ್ ಜೊತೆ ಬಾಳ್ತಾವ್ಳೆ. ನೀನ್ ಬ್ಯಾಸ್ರ ಮಾಡ್ಕಬ್ಯಾಡ."

"ನಾನೇನ್ ಪಾಪ ಮಾಡಿವ್ನಿ ಅವ್ವ?"

"ಪಾಪ ಅಂತ ಯಾರಂದ್ರು? ಮಗೀಗೆ ಒಳ್ಳೇದಾಗ್ಲಿ ಅಂತ, ಅಷ್ಟೆ."

ಒಳ್ಳೇದಾಗಲಿ ಅಂತೆ! ನಾನು ಕಿವಿಯ ಹತ್ತಿರ ಉಸಿರು ಬಿಟ್ಟರೆ ಮಗು ಬಾಡಿಹೋಗುತ್ತದಾ? ಹುಟ್ಟಿದಾಗಿನಿಂದ ಎಣ್ಣೆ ಹಚ್ಚಿ ನೀರು ಹಾಕುತ್ತಿರುವ ಕೈ ಯಾರದು? ಸೌಟು ಅಲ್ಲೇ ಕುಕ್ಕಿ ಹೊರಗೆ ಬಂದೆ. ತಮ್ಮ ಜಗಲಿಯಲ್ಲಿ ತೊಟ್ಟಿಲಿಗೆ ಹೂವು ಸುತ್ತುತ್ತಿದ್ದ. ಅವ್ವ ಹೇಳಿದ್ದು ಅವನಿಗೆ ಮೊದಲೇ ಗೊತ್ತಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು.

"ನಿಂಗೇನನ್ಸ್ತದೆ, ಅದ್ನೇಳ್ಲಾ" ಎಂದೆ.

"ನಂದೇನೈತಕ್ಕ? ಅವ್ವ ಒಪ್ಪಾಕಿಲ್ಲ. ಒಂದಿನ ಒಸಿ ಸೈರಿಸ್ಕೊ."

ಇವನ ಮಗಳ ಹೆಸರಿಗಾಗಿ ಮೂರು ದಿನ ಅವ್ವನ ಬಾಯಿಗೆ ಸಿಕ್ಕಿ ನಲುಗಿದ್ದೆ. ನನಗೋಸ್ಕರ ಅವನಿಗೆ ಒಂದು ಮಾತು ಆಡಲಾಗಲಿಲ್ಲ. ಒಳಗೆ ಹೋಗಿ ಬೇಳೆ ಬಸಿದೆ. ಇನ್ನೇನು ಮಾಡಲಿ?

ಮಾರನೆಯ ದಿನ ಚಿಕ್ಕಪ್ಪನ ಮಗಳು ರೇಷ್ಮೆ ಸೀರೆ ಉಟ್ಟು ಬಂದಳು. ಪಾಪ, ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿದರು. ಹೆಂಗಸರೆಲ್ಲ ಅಕ್ಷತೆ ಹಿಡಿದು ಸುತ್ತ ನಿಂತರು. ನಾನು ಅಡುಗೆಮನೆಯ ಬಾಗಿಲಲ್ಲಿ ಸಕ್ಕರೆಯ ತಟ್ಟೆ ಹಿಡಿದು ನಿಂತಿದ್ದೆ. ಅವಳು ಬಗ್ಗಿದವಳು ಹಾಗೇ ತಲೆಯೆತ್ತಿ ನನ್ನನ್ನೇ ಹುಡುಕಿದಳು.

"ಅಕ್ಕ, ಅದೇನದು ಹೆಸ್ರು? ಬಾಯಿಗೇ ಬರಾಕಿಲ್ವಲ್ಲ!"

ಎಲ್ಲರೂ ನಕ್ಕರು. ಕಿವಿಯಲ್ಲಿ ಹೇಳುವ ಮುಂಚೆ ಹೆಸರನ್ನು ಗಟ್ಟಿಯಾಗಿ ಕೂಗುವ ಹಾಗಿಲ್ಲ. ಅವ್ವ ನನಗೆ ಕೈಸನ್ನೆ ಮಾಡಿದಳು. "ಬಾರವ್ವ, ಅವಳ್ಗೆ ಒಸಿ ಹೇಳ್ಕೊಡು. ಅದ್ ಸರ್ಯಾಗ್ ಬರಾದು ನಿಂಗೇಯ."

ತಟ್ಟೆ ಕೆಳಗಿಟ್ಟು ಹೋದೆ. ಅವಳ ಕಿವಿಗೆ ಬಾಯಿಟ್ಟು ಹೆಸರು ಹೇಳಿದೆ. ಅವಳು ಬಗ್ಗಿ ಮಗುವಿಗೆ ಹೇಳಿದಳು. ಮತ್ತೆ ತಲೆಯೆತ್ತಿ, "ಇನ್ನೊಂದ್ ಸಲ ಅಕ್ಕ" ಎಂದಳು. ಹೇಳಿದೆ. ಆಮೇಲೆ ಇನ್ನೊಂದು ಸಲ. ಮಗು ಕಣ್ಣು ಬಿಟ್ಟುಕೊಂಡು ಮಲಗಿತ್ತು, ನಾನು ಬಗ್ಗಿದರೆ ಸಿಗುವಷ್ಟು ಹತ್ತಿರ. ಮೂರು ಸಲವೂ ಆ ಹೆಸರು ಹೇಳಿದವಳು ನಾನೇ. ಮೂರು ಸಲವೂ ಚಿಕ್ಕಪ್ಪನ ಮಗಳ ಕಿವಿಗೆ.