ಗಾಳಿ ಬೋಲ್ಟು ಬಿಚ್ಚುವುದಿಲ್ಲ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುವ ಚರ್ಮ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬಿರುಗಾಳಿಗೆ ಮನೆಯ ತಗಡು ಎದ್ದಾಗ ಅದನ್ನು ಎರಡೂ ಕೈಯಿಂದ ಹಿಡಿದು ಜೋತುಬಿದ್ದಿದ್ದರಂತೆ. ತಗಡು ಹೋಯಿತು, ಅದರ ಜೊತೆ ಉಗುರೂ ಹೋಯಿತು. ಮುಂದೆ ಸಿಂಧನೂರಿನಲ್ಲಿ ತಗಡಿನ ಅಂಗಡಿಯನ್ನೇ ಇಟ್ಟರು. ಹಳೆಯ ತಗಡು ಯಾವುದೇ ಕೈಗೆ ಬರಲಿ, ಆ ಬೋಳು ಹೆಬ್ಬೆರಳಿನಿಂದ ಅದರ ತೂತುಗಳ ಅಂಚನ್ನು ಒಮ್ಮೆ ಸವರುವುದು ಅವರ ಅಭ್ಯಾಸ. ಊರು ಅವರನ್ನು ತಗಡಿನಕ್ಕ ಎನ್ನುತ್ತಿತ್ತು. ನನಗೆ ಬರೀ ಅಕ್ಕ.

ನನ್ನ ಅಂಗಡಿ ಅವರ ಅಂಗಡಿಗೆ ಎದುರು. ಜವಳಗೇರಾದ ಗದ್ದೆಗಳಲ್ಲಿ ಕೂಲಿಗೆ ನಾಟಿ ಹಚ್ಚಿ ಬೆಳೆದ ನಾನು ಹಳೆಯ ಟ್ರ್ಯಾಕ್ಟರ್‌ಗಳ ದಲಾಲಿಗೆ ಇಳಿದು, ಮಾತನ್ನೇ ಬಂಡವಾಳ ಮಾಡಿಕೊಂಡು ಮನೆ ಕಟ್ಟಿದವನು. ಇಂಜಿನ್ನು ಹೊಗೆ ಉಗುಳುತ್ತದೆ ಎಂದು ಗಿರಾಕಿ ಕೇಳುವ ಮುಂಚೆ ನಾವಾಗಿ ಬಾಯಿ ಬಿಡಬಾರದು. ನಮ್ಮ ಕಸುಬಿನ ಮೊದಲ ಪಾಠವೇ ಅದು. ಈ ಪಾಠವನ್ನು ಎಷ್ಟೋ ಹುಡುಗರಿಗೆ ಬಿಟ್ಟಿಯಾಗಿ ಹೇಳಿಕೊಟ್ಟಿದ್ದೇನೆ.

ಕಾಲುವೆ ದಂಡೆಯ ನಮ್ಮ ಓಣಿಯಲ್ಲಿ ಮುಕ್ಕಾಲು ಮನೆಗಳು ತಗಡಿನವು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕಣ್ಣು ಹಾಯುವವರೆಗೆ ಭತ್ತದ ಗದ್ದೆ. ಬೇಸಿಗೆಯ ಕೊನೆಯಲ್ಲಿ ಗಾಳಿ ಎದ್ದರೆ ಅದಕ್ಕೆ ಅಡ್ಡ ಬರಲು ಒಂದು ಗಿಡವೂ ಇಲ್ಲ. ಜನ ತಗಡಿನ ಮೇಲೆ ಕಲ್ಲು, ಹರಕು ಟೈರು, ಉಸುಕಿನ ಚೀಲ ಹೇರಿ ನಿಶ್ಚಿಂತೆಯಿಂದ ಇರುತ್ತಿದ್ದರು. ಅಕ್ಕನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

“ಗಾಳಿ ಮ್ಯಾಲಿಂದ ಒತ್ತಂಗಿಲ್ಲೋ ತಮ್ಮಾ, ಒಳಗ ಹೊಕ್ಕು ಕೆಳಗಿಂದ ಎತ್ತತೈತಿ. ನಿನ್ನ ಕಲ್ಲು ಏನ್ ಮಾಡ್ತೈತಿ? ಹಾರಿ ಬಾಜೂ ಮನಿಯವನ ತಲಿ ಒಡೀತೈತಿ.”

ಪ್ರತಿ ವರ್ಷ ಯುಗಾದಿಗೆ ಮುಂಚೆ ಅಂಗಡಿಗೆ ಕೀಲಿ ಹಾಕಿ ಮನೆಮನೆ ತಿರುಗುತ್ತಿದ್ದರು. ಸೆರಗು ಸಿಕ್ಕಿಸಿ ಏಣಿ ಹತ್ತಿ, ಕಲ್ಲು ಇಳಿಸಿ, ತಗಡನ್ನು ಕೆಳಗಿನ ಕಬ್ಬಿಣದ ಪಟ್ಟಿಗೆ ಕೊಕ್ಕೆ ಬೋಲ್ಟಿನಿಂದ ಬಿಗಿಸುವವರೆಗೂ ಬಿಡುತ್ತಿರಲಿಲ್ಲ.

ನಾನು ಒಮ್ಮೆ ಕೆಣಕಿದೆ. “ಅಕ್ಕಾ, ತಗಡು ಹಾರಿದ್ರ ತಾನೇ ನಿಮಗ ಯಾಪಾರ? ಬೋಲ್ಟು ಬಿಗಿಸಿಕೋತ ಹೋದ್ರ ಅಂಗಡಿ ಮುಚ್ಚಬೇಕಾಗ್ತೈತಿ ನೋಡ್ರಿ.”

“ನೀ ಮಾರಿದ ಟ್ಯಾಕ್ಟರು ದಾರ್ಯಾಗ ಕೆಟ್ಟು ನಿಂತ್ರ ನಿನಗ ಖುಷಿ ಆಗ್ತೈತೇನೋ?”

“ಇನ್ನೊಂದು ಮಾರಬಹುದಲ್ಲರಿ!”

“ಥೂ ನಿನ್ನ! ನಿನ್ನ ಹೇಣ್ತಿಗೆ ಹೇಳ್ತೀನಿ ತಡಿ,” ಎಂದು ನಕ್ಕು, ಅಂದು ನನಗೆ ಚಹಾ ಕೊಡಲಿಲ್ಲ.

ಓಣಿಗೆ ವಿಮೆ ತಂದವರೂ ಅವರೇ. ಒಬ್ಬೊಬ್ಬರೇ ಹೋದರೆ ತಗಡಿನ ಮನೆ ಎಂದು ಮುಖ ತಿರುಗಿಸುತ್ತಿದ್ದ ಕಂಪನಿಯ ಬಾಗಿಲಿಗೆ ಇಡೀ ಓಣಿಯನ್ನೇ ಕರೆದುಕೊಂಡು ಹೋಗಿ ಕೂತರು. ಎಲ್ಲ ಮನೆಗಳಿಗೂ ಸೇರಿ ಒಂದೇ ಗುಂಪು ವಿಮೆ, ಗಾಳಿಗೆ ಸೂರು ಹೋದರೆ ಹೊಸದು ಹಾಕಿಸಿಕೊಳ್ಳುವಷ್ಟು ಪರಿಹಾರ. ಕಂತು ಹಮಾಲಿ ಮಾಡುವವನೂ ಕಟ್ಟುವಷ್ಟಿತ್ತು. ಕೆಲವು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು.

ಆಮೇಲೆ ಒಂದು ಬೇಸಿಗೆಯಲ್ಲಿ ದೊಡ್ಡ ಗಾಳಿ ಬಂತು. ಪರಿಹಾರ ಕೇಳಿದವರು ಬಹಳ ಮಂದಿ. ಕಂಪನಿಯ ಅಧಿಕಾರಿ ಬಂದು ಅಕ್ಕನ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಬೆಂಗಳೂರು ಕಡೆಯ ಮನುಷ್ಯ, ಮಾತು ಮೆದು.

“ನೋಡಿ, ಕಂತು ದುಪ್ಪಟ್ಟು ಮಾಡ್ದೆ ಇದ್ರೆ ಮೇಲಿನವರು ಒಪ್ಪಲ್ಲ. ಇಲ್ಲಾಂದ್ರೆ ಈ ವರ್ಷಕ್ಕೆ ನಿಲ್ಲಿಸಿಬಿಡಿ ಅಂತಾರೆ.”

ದುಪ್ಪಟ್ಟಾದರೆ ಅರ್ಧ ಓಣಿ ಬಿಡುತ್ತದೆ, ಅರ್ಧ ಓಣಿ ಬಿಟ್ಟರೆ ಗುಂಪೇ ಉಳಿಯುವುದಿಲ್ಲ. ಮುಂದಿನ ಗಾಳಿಗೆ ಸೂರು ಕಳೆದುಕೊಂಡವರು ಬಯಲಿಗೆ ಬಿದ್ದಂತೆಯೇ. ಸುತ್ತ ಸೇರಿದ್ದ ಓಣಿಯವರೆಲ್ಲ ನನ್ನ ಮುಖ ನೋಡಿದರು. ನಾನು ನನ್ನ ವಿದ್ಯೆಯನ್ನೆಲ್ಲ ತೆಗೆದೆ. ಒಮ್ಮೆ ಸಿಟ್ಟಾದೆ, ಒಮ್ಮೆ ನಗಿಸಿದೆ, ಎದ್ದು ಹೋಗುವ ಹಾಗೆ ಮಾಡಿ ಮತ್ತೆ ಕೂತೆ. ಅಧಿಕಾರಿ ದುಪ್ಪಟ್ಟಿನಿಂದ ಒಂದೂವರೆ ಪಟ್ಟಿಗೆ ಇಳಿದರು. ಇನ್ನೊಂದು ಚಹಾ ಕುಡಿಸಿದ್ದರೆ ಇನ್ನೂ ಇಳಿಯುತ್ತಿದ್ದರು, ಆಣೆ ಮಾಡಿ ಹೇಳುತ್ತೇನೆ. ಆಗಲೇ ಅಕ್ಕ ಎದ್ದು ನಿಂತರು.

“ಸಾಹೇಬರ, ಈ ಸಲ ಪರಿಹಾರ ಕೇಳಿದ್ದರಾಗ ಕೆಲವು ಸುಳ್ಳು ಅದಾವ್ರಿ.”

ವ್ಯಾಪಾರ ಕೈಗೆ ಬರುತ್ತಿರುವಾಗ ಯಾರಾದರೂ ಹೀಗೆ ಮಾತಾಡುತ್ತಾರೆಯೇ? ನಾನು ಕಣ್ಸನ್ನೆ ಮಾಡಿದೆ. ಅವರು ನೋಡಲಿಲ್ಲ. ಒಳಗೆ ಹೋಗಿ ಗುಜರಿಯ ಗುಡ್ಡೆಯಿಂದ ಎರಡು ಹಳೆಯ ತಗಡು ಎಳೆದು ತಂದು ಅಧಿಕಾರಿಯ ಕಾಲ ಬುಡಕ್ಕೆ ಹಾಕಿದರು.

“ಇದು ಹಮಾಲರ ಮನೀದು. ತೂತು ನೋಡ್ರಿ, ಉದ್ದಕ್ಕ ಹರದೈತಿ. ಇದು ನಮ್ಮ ಮೈದುನಂದು. ತೂತು ಗುಂಡಗೈತಿ, ಅಂಚು ಸೈತ ಸೊಟ್ಟ ಆಗಿಲ್ಲ. ಗಾಳಿ ಬೋಲ್ಟು ಬಿಚ್ಚಂಗಿಲ್ರಿ, ಹರೀತೈತಿ. ಬಿಚ್ಚಾಕ ಪಾನೇ ಬೇಕು.”

ಆಗ ಎಲ್ಲ ಬಯಲಾಯಿತು. ಜಂಗು ಹಿಡಿದ ಹಳೆಯ ತಗಡಿನ ಬೋಲ್ಟನ್ನು ಗಾಳಿಯ ದಿನಗಳಲ್ಲಿ ತಾವೇ ಸ್ಪ್ಯಾನರ್ ಹಚ್ಚಿ ಬಿಚ್ಚಿ, ಗಾಳಿಗೆ ಒಪ್ಪಿಸಿ, ಹೊಸ ತಗಡು ಹಾಕಿಸಿಕೊಳ್ಳುವುದು! ಇಷ್ಟು ವರ್ಷ ಇಲ್ಲಿ ಬಾಳಿದವನು, ಎಂಥೆಂಥ ಚಾಲಾಕಿಗಳನ್ನು ಕಂಡವನು, ನನಗೆ ಈ ಉಪಾಯ ಹೊಳೆದೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ದಂಗುಬಡಿಸಿದ್ದು, ಅವರು ತಮ್ಮ ಮನೆಯವನನ್ನೇ ಹೆಸರೆತ್ತಿ ಎಲ್ಲರ ಮುಂದೆ ನಿಲ್ಲಿಸಿದ್ದು.

ಮೈದುನ ಕೆಂಪಗಾಗಿ ಎದ್ದ. “ವೈನಿ! ಏನ್ ಹೇಳಾಕತ್ತೀರಿ ನೀವು? ಮನಿ ಮಾನ ಬಜಾರದಾಗ ಇಡಾಕತ್ತೀರೇನು?”

“ಮಾನ ನೀ ಪಾನೇ ಹಚ್ಚಿದಾಗೇ ಇಳದೈತಿ, ಕುಂದ್ರು.”

“ಇನ್ನೆಷ್ಟು ಮನೆಗಳಿವೆ?” ಎಂದು ಅಧಿಕಾರಿ ಕೇಳಿದರು.

“ನಮ್ಮ ಮನೀದು ನಾ ಹೇಳೀನಿ. ಉಳಿದವರ ಬಾಯಿ ಅವರ ಹತ್ರ ಐತಿ.”

ನಾನಂತೂ ವಿಮೆ ಮುಗಿಯಿತೆಂದೇ ಲೆಕ್ಕ ಹಾಕಿ ತಲೆ ಮೇಲೆ ಕೈ ಹೊತ್ತು ಕೂತೆ. ಕಡೆಗೆ ಹಿಟ್ಟಿನ ಗಿರಣಿಯವನು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಎದ್ದ. “ನಂದೂ ತಗದು ಬಿಡ್ರಿ ಸಾಹೇಬರ.” ಅವನ ಹಿಂದೆ ಇನ್ನೊಬ್ಬರು. ಗೋಡೆಗೆ ಆತು ಕೂತಿದ್ದ ಮುದುಕಿಯೊಬ್ಬಳು, “ನಂದು ಖರೇನೇ ಹಾರೈತಪ್ಪ, ಬೇಕಾದ್ರ ತೂತು ನೋಡು,” ಎಂದಾಗ ಅಷ್ಟು ಹೊತ್ತು ಗಂಟುಮುಖ ಹಾಕಿದ್ದವರೂ ನಕ್ಕರು. ಅಧಿಕಾರಿಯೂ ನಕ್ಕರು.

ತೀರ್ಮಾನ ಆಮೇಲೆ ಎಂದು ಅಧಿಕಾರಿ ಎದ್ದು ಹೋದರು. ಕೆಲವು ವಾರಗಳ ಮೇಲೆ ಕಂಪನಿಯಿಂದ ಸುದ್ದಿ ಬಂತು: ಸುಳ್ಳು ಬೇಡಿಕೆಗಳನ್ನು ತೆಗೆದ ಮೇಲೆ ಕಂತು ಹಳೆಯದೇ. ಷರತ್ತು ಒಂದೇ, ವರ್ಷಕ್ಕೊಮ್ಮೆ ಪ್ರತಿ ಸೂರಿನ ಬೋಲ್ಟನ್ನೂ ಅಕ್ಕ ನೋಡಿ ಸರಿಯಿದೆ ಎನ್ನಬೇಕು. ನಾನು ಒಂದೂವರೆಗೆ ಇಳಿಸಿ ಬೀಗುತ್ತಿದ್ದೆ. ಅವರು ತಪ್ಪನ್ನು ಎದುರಿಗೆ ಎಳೆದು ಹಾಕಿ ಪೂರ್ತಿ ಉಳಿಸಿದರು. ಇಂದಿಗೂ ಅದನ್ನು ನೆನೆದರೆ ನನ್ನ ಕಸುಬಿನ ಬುಡವೇ ಅಲುಗಿದ ಹಾಗಾಗುತ್ತದೆ.

ಅದಕ್ಕೆ ಅವರು ತೆತ್ತದ್ದೂ ಇದೆ. ಮೈದುನ ಮಾತು ಬಿಟ್ಟ. ಹಬ್ಬಕ್ಕೆ ಹೋಳಿಗೆ ಕಳಿಸಿದರೆ ತಾಟು ಹಾಗೆಯೇ ತಿರುಗಿ ಬರುತ್ತಿತ್ತು. ಅಕ್ಕ ಆ ಹೋಳಿಗೆಯನ್ನು ನನಗೆ ಕೊಟ್ಟು, “ನೀನರ ತಿನ್ನು, ನಿನಗ ನಾಚಿಕಿಲ್ಲ,” ಎನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು, ಕಣ್ಣು ಮಾತ್ರ ಮೈದುನನ ಮನೆಯ ಕಡೆಗಿರುತ್ತಿತ್ತು.

ಹೋದ ವರ್ಷ ನಾನು ಮಸ್ಕಿಯಲ್ಲಿ ಒಂದು ಟ್ರ್ಯಾಕ್ಟರ್ ಮಾತಾಡುತ್ತಿದ್ದೆ. ಹೆಂಡತಿಯ ಫೋನು: “ಅಕ್ಕ ಹೋದ್ರು.” ಲಿಂಗಸುಗೂರಿಗೆ ಹೋಗಿರಬೇಕು ಎಂದುಕೊಂಡೆ, ಅಲ್ಲಿ ಅವರ ಮಗಳ ಮನೆ. “ಯಾವ ಬಸ್ಸಿಗೆ?” ಎಂದೆ. ಆ ಕಡೆ ಅಳು ಕೇಳಿದ ಮೇಲಷ್ಟೇ ಅರ್ಥವಾಯಿತು. ಬೆಳಿಗ್ಗೆಯಷ್ಟೇ ನನ್ನ ಜೊತೆ ಜಗಳವಾಡಿ ಶೆಡ್ಡಿನ ತಗಡಿಗೆ ಒಂದು ರೂಪಾಯಿಯೂ ಬಿಡದ ಹೆಂಗಸು! ಅಂಗಡಿಯಲ್ಲಿ ಕೂತಲ್ಲೇ ಕಣ್ಣು ಮುಚ್ಚಿದ್ದರು. ಒಂದು ಎಲೆಯೂ ಅಲುಗದಷ್ಟು ಗಾಳಿಯಿಲ್ಲದ ದಿನ ಅದು. ಕುದುರುತ್ತಿದ್ದ ವ್ಯಾಪಾರವನ್ನು ಅಲ್ಲೇ ಬಿಟ್ಟು ಬಂದೆ. ನನ್ನ ಜೀವನದಲ್ಲಿ ಹಾಗೆ ಬಿಟ್ಟು ಎದ್ದದ್ದು ಅದೊಂದೇ. ಮೈದುನ ಮಣ್ಣಿಗೆ ಬಂದಿದ್ದ, ಎಲ್ಲರ ಹಿಂದೆ ನಿಂತಿದ್ದ.

ಈಗ ಯುಗಾದಿಗೆ ಮುಂಚೆ ಏಣಿ ಹತ್ತುವವನು ನಾನು. ನಿಮ್ಮದೂ ತಗಡಿನ ಮನೆಯಾದರೆ ಕೇಳಿ: ಅಂಚಿನ ಸಾಲಿನ ಬೋಲ್ಟನ್ನು ಮೊದಲು ನೋಡಿ, ಗಾಳಿ ಅಲ್ಲಿಂದಲೇ ಬೆರಳು ಹಾಕುತ್ತದೆ. ಕಲ್ಲು ಇಳಿಸಿ. ಕಂಪನಿಯವರ ಮುಂದೆ ಏನನ್ನೂ ಮುಚ್ಚಿಡಬೇಡಿ. ಟ್ರ್ಯಾಕ್ಟರ್ ದಲಾಲನೊಬ್ಬ ಹೇಳುತ್ತಿದ್ದಾನೆ ಎಂದರೆ ಇದರ ಬೆಲೆ ತಿಳಿಯಿರಿ.

ಈ ಬೇಸಿಗೆಯ ಗಾಳಿಗೆ ಓಣಿಯಲ್ಲಿ ಹಾರಿದ್ದು ಒಂದೇ ಒಂದು ಸೂರಿನ ಮೂಲೆ, ಮೈದುನನದು. ಮರುದಿನ ಬೆಳಿಗ್ಗೆ ಮೈದುನ ಆ ತಗಡನ್ನು ತಲೆಯ ಮೇಲೆ ಹೊತ್ತು ನನ್ನ ಅಂಗಡಿಗೆ ಬಂದ. ನಮಸ್ಕಾರವಿಲ್ಲ, ಕುಶಲವಿಲ್ಲ. ತಗಡನ್ನು ನೆಲಕ್ಕಿಳಿಸಿ, ನನ್ನ ಕೈ ಹಿಡಿದೆಳೆದು ಹೆಬ್ಬೆರಳನ್ನು ಅದರ ಮೇಲೆ ಇಡಿಸಿದ.

“ಮೊದಲು ತೂತು ನೋಡ್ರಿ,” ಎಂದ.

ಉದ್ದಕ್ಕೆ ಹರಿದಿತ್ತು.